ಅಟ್ಟದ ಮೇಲಿನ ಅಜ್ಜ

ಪ್ರಶ್ನೆ: ಸರ್, ನಾನು ಕೊಡಗಿನ ನಾಪೋಕ್ಲು ಕಡೆಯವಳು. ಶಾಲೆಯಲ್ಲಿ ವಿಜ್ಞಾನ ಟೀಚರ್, ಬಿಡುವಾದಾಗ ಕಥೆ ಬರೆಯುತ್ತೇನೆ. ಈಗ ಕೈಯಲ್ಲಿರುವುದು ಒಂದು ವೈಜ್ಞಾನಿಕ ಕಥೆ. 2070ರಲ್ಲಿ ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಪಟ್ಟೆದಾರ (ಯಜಮಾನ) ಅಜ್ಜ ಸಾಯುವ ಮುನ್ನ ತಮ್ಮ ಮನಸ್ಸನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಪೆಟ್ಟಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯ ಅಟ್ಟದಲ್ಲಿ, ಮೈಕು ಮತ್ತು ಸ್ಪೀಕರು ದೀಪ ಹಚ್ಚುವ ನಡುಮನೆಯಾದ ನೆಲ್ಲಕ್ಕಿಯಲ್ಲಿ. ದೇಹ ಹೋದರೂ ಅಜ್ಜ ಸತ್ತಿಲ್ಲವೆಂದು ಮನೆಯವರು ಸಾವು ಸಾರುವ ಎರಡು ಗುಂಡು ಹಾರಿಸುವುದಿಲ್ಲ. ಕೊನೆಯ ಪುಟದಲ್ಲಿ ‘ಸಾಕು, ನನ್ನನ್ನು ಆರಿಸಿಬಿಡು’ ಎಂದು ಅಜ್ಜನೇ ಕೇಳಿಕೊಳ್ಳುತ್ತಾರೆ. ಮೊಮ್ಮಗಳು ಸ್ವಿಚ್ ಆರಿಸಿ ಗುಂಡು ಹಾರಿಸುತ್ತಾಳೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ‘2070 ಯಾಕೆ, ಇನ್ನು ಹತ್ತೇ ವರ್ಷ’ ಅನ್ನುತ್ತಾನೆ. ನಮ್ಮ ಶಾಲೆಯ ಹಿರಿಯ ಮೇಷ್ಟ್ರು ‘ಇದು ವಿಜ್ಞಾನವಲ್ಲ, ದೆವ್ವದ ಕಥೆ’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಹಾಗೆ ಇಳಿಸಿಕೊಂಡದ್ದು ಅಜ್ಜನೇ ಆಗಿರುತ್ತಾರೆಯೇ? ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಅಜ್ಜ ಹೋದ ವರ್ಷ ತೀರಿಕೊಂಡರು. ಅವರ ವಾಟ್ಸಾಪ್ ಧ್ವನಿ ಸಂದೇಶಗಳು ಇನ್ನೂರಕ್ಕೂ ಹೆಚ್ಚು ನನ್ನ ಫೋನಿನಲ್ಲಿವೆ. ಹೆಚ್ಚಿನವು ಬೆಳಗಿನ ಮಳೆ ಲೆಕ್ಕ.

ಉತ್ತರ: ಮೇಷ್ಟ್ರ ಮಾತನ್ನು ಬೈಗುಳ ಅಂದುಕೊಳ್ಳಬೇಡಿ, ಟೀಚರೇ. ಒಂದು ದೇಹದಲ್ಲಿದ್ದ ಮನಸ್ಸು ಇನ್ನೊಂದು ಕಡೆ ಹೋಗಿ ನೆಲೆಸುವ ಕಥೆಗೆ ನಮ್ಮಲ್ಲಿ ಪರಕಾಯ ಪ್ರವೇಶ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ಶಂಕರಾಚಾರ್ಯರು ಅಮರುಕ ರಾಜನ ಶವದೊಳಗೆ ಹೊಕ್ಕ ಕಥೆ ಕೇಳಿಯೇ ಇರುತ್ತೀರಿ. ಅದರಲ್ಲಿ ನನಗೆ ಹಿಡಿಸುವುದು ಅರಮನೆಯ ಭಾಗವಲ್ಲ, ಗುಹೆಯ ಭಾಗ. ಗುರುಗಳು ಬಿಟ್ಟುಹೋದ ದೇಹವನ್ನು ಶಿಷ್ಯರು ಗುಹೆಯಲ್ಲಿ ಕೂತು ಕಾಯುತ್ತಾರೆ. ಅತ್ತ ರಾಜನ ನಡವಳಿಕೆ ನೋಡಿ ಅನುಮಾನ ಬಂದ ಮಂತ್ರಿಗಳು, ರಾಜ್ಯದಲ್ಲಿ ಎಲ್ಲೇ ಹೆಣ ಕಂಡರೂ ಸುಟ್ಟುಬಿಡಿ ಎಂದು ಆಳುಗಳನ್ನು ಅಟ್ಟುತ್ತಾರೆ. ಗುರುಗಳು ಎಷ್ಟೇ ದೊಡ್ಡವರಿರಲಿ, ಆ ಹೊತ್ತಿನಲ್ಲಿ ಎಲ್ಲ ನಿಂತಿರುವುದು ಗುಹೆ ಬಾಗಿಲಲ್ಲಿ ತೂಕಡಿಸದೆ ಕೂತ ಒಬ್ಬ ಹುಡುಗನ ಮೇಲೆ. ಈ ಗುಹೆಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ತಮ್ಮನ ಹತ್ತು ವರ್ಷದ ಲೆಕ್ಕ.

ನಾನು ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯೆ ಪಾಠ ಹೇಳಿ, ಈಗ ಮಡಿಕೇರಿ ಹೊರಗೆ ಎರಡೆಕರೆ ಕಾಫಿ ನೋಡಿಕೊಂಡಿರುವವನು. ಫಾರ್ಮಲಿನ್‌ನಲ್ಲಿಟ್ಟ ಮಿದುಳು ಗಿಣ್ಣಿನ ಹಾಗೆ ಗಟ್ಟಿಯಾಗಿರುತ್ತದೆ, ಚಾಕುವಿಗೆ ಚೆನ್ನಾಗಿ ಕೂರುತ್ತದೆ. ಹಸಿ ಮಿದುಳು ಹಾಗಲ್ಲ. ಸರಿಯಾಗಿ ಹೆಪ್ಪಾಗದ ಮೊಸರನ್ನು ಬೊಗಸೆಯಲ್ಲಿ ಹಿಡಿದಂತೆ. ಬೆರಳಿನ ಗುರುತು ಮೂಡುತ್ತದೆ. ತೂಕ 1,300–1,400 ಗ್ರಾಂ, ಒಳಗೆ ಸುಮಾರು 8,600 ಕೋಟಿ ನರಕೋಶ. ಒಂದೊಂದೂ ಸಾವಿರಾರು ಕಡೆ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಆ ಅಂಟಿಗೆ ಸಿನಾಪ್ಸ್ ಅನ್ನುತ್ತೇವೆ, ಕನ್ನಡದಲ್ಲಿ ನರಸಂಧಿ. ನಿಮ್ಮ ಅಜ್ಜನಿಗೆ ತೋಟದ ಯಾವ ಮರದ ಬುಡದಲ್ಲಿ ಮೆಣಸಿನ ಬಳ್ಳಿ ಸೊರಗಿದೆ ಅಂತ ಗೊತ್ತಿದ್ದದ್ದು, ನಮಗೆ ತಿಳಿದ ಮಟ್ಟಿಗೆ, ಈ ಸಂಧಿಗಳು ಎಲ್ಲೆಲ್ಲಿ ಕೂಡಿದ್ದವು, ಎಷ್ಟು ಬಿಗಿಯಾಗಿದ್ದವು ಎನ್ನುವುದರಲ್ಲಿ. (ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಮಕ್ಕಳನ್ನು ಟೂರಿಗೆ ಕರೆದೊಯ್ಯುವಾಗ ವಂಡರ್‌ಲಾ ಜೊತೆ ಅದನ್ನೂ ಸೇರಿಸಿ.)

ಈಗ ಕಡಂಬುಟ್ಟಿಗೆ ಒಡೆಸುವ ಅಕ್ಕಿ ತರಿಯನ್ನು ನೆನಪಿಸಿಕೊಳ್ಳಿ. ಅದರ ಒಂದು ಕಾಳಿನಷ್ಟು, ಅಂದರೆ ಒಂದು ಘನ ಮಿಲಿಮೀಟರ್ ಗಾತ್ರದ ಮನುಷ್ಯನ ಮಿದುಳಿನ ತುಣುಕಿನ ನಕ್ಷೆಯನ್ನು ಹಾರ್ವರ್ಡ್ ಮತ್ತು ಗೂಗಲ್ ವಿಜ್ಞಾನಿಗಳು 2024ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ಹೇಗೂ ತೆಗೆಯಬೇಕಾಗಿದ್ದ ತುಣುಕು ಅದು. ಅದನ್ನು 5,000ಕ್ಕೂ ಹೆಚ್ಚು ಪದರಗಳಾಗಿ ಕೊಯ್ದರು. ಪದರದ ದಪ್ಪ 30 ನ್ಯಾನೊಮೀಟರ್ ಆಸುಪಾಸು. ಪ್ರತಿ ಪದರವನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿದಾಗ ಸಿಕ್ಕಿದ್ದು ಸುಮಾರು 57,000 ಜೀವಕೋಶ, 15 ಕೋಟಿ ನರಸಂಧಿ. ಮಾಹಿತಿಯ ಗಾತ್ರ 1,400 ಟೆರಾಬೈಟ್. ಒಂದು ತರಿಗೆ ಇಷ್ಟು. ಪೂರ್ತಿ ಮಿದುಳು ಎಂದರೆ ಸುಮಾರು 12 ಲಕ್ಷ ತರಿ. ಗುಣಿಸಿ ನೋಡಿದರೆ 168 ಕೋಟಿ ಹಾರ್ಡ್‌ಡಿಸ್ಕ್ ಬೇಕು, ಒಂದೊಂದು ಒಂದು ಟೆರಾಬೈಟಿನದು. ನಿಮ್ಮ ಅಟ್ಟ ಎಷ್ಟು ದೊಡ್ಡದಿದ್ದರೂ ಸಾಲದು.

ಡಿಸ್ಕು ಚಿಕ್ಕದಾಗುತ್ತದೆ, ಅಗ್ಗವಾಗುತ್ತದೆ ಎಂದು ತಮ್ಮ ವಾದಿಸಬಹುದು. ಒಪ್ಪಿದೆ. ತೊಡಕು ಜಾಗದ್ದಲ್ಲ. ನಕ್ಷೆ ಕೈಗೆ ಬಂದರೂ ಅದನ್ನು ಓದುವುದು ನಮಗೆ ಗೊತ್ತಿಲ್ಲ ಎನ್ನುವುದೇ ತೊಡಕು.

ಇದಕ್ಕೆ ಅಮೆರಿಕದ ಹೆನ್ರಿ ಮೊಲೇಸನ್ ಎನ್ನುವವರ ಕಥೆ ಹೇಳಬೇಕು. ವೈದ್ಯಕೀಯ ಪುಸ್ತಕಗಳಲ್ಲಿ ಬದುಕಿರುವವರೆಗೂ ಅವರು ಬರೀ ಎಚ್.ಎಂ. 1953ರಲ್ಲಿ, ಅವರಿಗೆ ಇಪ್ಪತ್ತೇಳು ವರ್ಷವಿದ್ದಾಗ, ಮೂರ್ಛೆರೋಗ ನಿಲ್ಲಿಸಲು ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದರು. ರೋಗ ಹತೋಟಿಗೆ ಬಂತು, ಆದರೆ ಹೊಸ ನೆನಪು ಕೂರುವುದು ನಿಂತಿತು. ಬಾಲ್ಯದ ಮಾತು ಹೇಳುತ್ತಿದ್ದರು. ಈಗ ತಾನೇ ಮಾತಾಡಿಸಿ ಹೋದ ಡಾಕ್ಟರು ಐದು ನಿಮಿಷ ಬಿಟ್ಟು ಬಂದರೆ ಹೊಸ ಪರಿಚಯ. ಐವತ್ತೈದು ವರ್ಷ ಹಾಗೇ ಬದುಕಿದರು. 2008ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಡಿಸೆಂಬರಿನಲ್ಲಿ, ಅವರ ಮಿದುಳನ್ನು ಸ್ಯಾನ್ ಡಿಯಾಗೊದಲ್ಲಿ ಹೆಪ್ಪುಗಟ್ಟಿಸಿ 2,401 ಪದರಗಳಾಗಿ ಕೊಯ್ದರು. 53 ಗಂಟೆಯ ಕೆಲಸ. ಅಂತರ್ಜಾಲದಲ್ಲಿ ನೇರಪ್ರಸಾರವಾಯಿತು, ಜಗತ್ತೆಲ್ಲ ಕೂತು ನೋಡಿತು. ನೆನಪಿನ ವಿಚಾರದಲ್ಲಿ ಅವರಷ್ಟು ಪರೀಕ್ಷೆಗೆ ಒಳಗಾದ ಮನುಷ್ಯ ಇನ್ನೊಬ್ಬನಿಲ್ಲ. ಆದರೂ ಆ 2,401 ಪದರಗಳಲ್ಲಿ ಯಾವುದನ್ನು ಹಿಡಿದು ನೋಡಿದರೂ ಅವರ ಬಾಲ್ಯದ ಒಂದು ಮಧ್ಯಾಹ್ನ ಯಾರಿಗೂ ಸಿಗುವುದಿಲ್ಲ. ಪದರದ ದಪ್ಪ 70 ಮೈಕ್ರಾನ್. ಹಾರ್ವರ್ಡಿನ ಪದರಕ್ಕಿಂತ ಎರಡು ಸಾವಿರ ಪಟ್ಟು ದಪ್ಪ, ಸಂಧಿಗಳ ಜಾಲ ಅದರಲ್ಲಿ ಕಾಣುವುದಿಲ್ಲ. ಕಂಡಿದ್ದರೂ ಓದುವವರಿಲ್ಲ.

ಓದುವ ಕೆಲಸ ಶುರುವಾಗಿರುವುದು ಹುಳಹುಪ್ಪಟೆಯಿಂದ. ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಹುಳು, ಸಿ. ಎಲಿಗನ್ಸ್, ನರಕೋಶ 302 ಮಾತ್ರ. ಅದರ ಪೂರ್ತಿ ನಕ್ಷೆ 1986ರಲ್ಲೇ ಬಂತು. ಇಷ್ಟು ವರ್ಷವಾದರೂ ಆ ಹುಳುವಿನ ಹಾಗೆ ಪೂರ್ತಿ ಬದುಕಿ ತೋರಿಸುವ ಕಂಪ್ಯೂಟರ್ ಹುಳು ಇಲ್ಲ. ನಕ್ಷೆಯಲ್ಲಿ ದಾರಿ ಇರುತ್ತದೆ, ದಾರಿಯಲ್ಲಿ ಯಾವ ಹೊತ್ತಿಗೆ ಎಷ್ಟು ಗಾಡಿ ಓಡುತ್ತದೆ ಅಂತ ಇರುವುದಿಲ್ಲ. ಹಾಗಂತ ತಮ್ಮನ ಉತ್ಸಾಹವೆಲ್ಲ ಸುಳ್ಳಲ್ಲ. 2024ರ ಅಕ್ಟೋಬರಿನಲ್ಲಿ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಬಂತು: 1,39,255 ನರಕೋಶ, 5 ಕೋಟಿಗೂ ಮಿಕ್ಕಿದ ಸಂಧಿ. ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ, ಸಿಹಿ ಗುರುತಿಸುವ ಕೋಶಗಳನ್ನು ತಟ್ಟಿದಾಗ ಸೊಂಡಿಲು ಚಾಚಿಸುವ ಕೋಶ ತಾನಾಗಿ ಎಚ್ಚರಗೊಂಡಿತು. ಬಾಳೆಹಣ್ಣಿನ ಮೇಲೆ ಕೂತ ನೊಣ ಮಾಡುವುದೂ ಅದನ್ನೇ. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆದರೂ ನೊಣದ ಸೊಂಡಿಲಿಗೂ ಪಟ್ಟೆದಾರರ ಗತ್ತಿಗೂ ನಡುವೆ ಬಹಳ ದೂರವಿದೆ. ಹತ್ತು ವರ್ಷ ಆಗದ ಮಾತು. 2070 ಕೂಡ ಆತುರವೇ, ಆದರೆ ಕಥೆಗೆ ಅಷ್ಟು ಸಾಲ ಕೊಡಬಹುದು.

ಒಂದು ಕಡೆ ಮಾತ್ರ ಸಾಲ ಕೊಡಲಾರೆ. ಅಜ್ಜ ಮನಸ್ಸನ್ನು ‘ಇಳಿಸಿಕೊಂಡು’ ಆಮೇಲೆ ಮೂರು ತಿಂಗಳು ಬದುಕಿ ಸಾಯುತ್ತಾರೆ ಎಂದು ನೀವು ಕಳಿಸಿದ ಹಾಳೆಗಳಲ್ಲಿದೆ. ಇಳಿಸಿಕೊಳ್ಳುವುದು ಎಂದರೆ ಪಾತ್ರೆಯಿಂದ ಪಾತ್ರೆಗೆ ಹಾಲು ಬಗ್ಗಿಸಿದ ಹಾಗೆ ಕೇಳಿಸುತ್ತದೆ. ಇಂದು ತಿಳಿದಿರುವ ದಾರಿಯಲ್ಲಿ ಏನೂ ಇಳಿಯುವುದಿಲ್ಲ. ಮಿದುಳನ್ನು ರಾಸಾಯನಿಕ ಹಾಯಿಸಿ ಗಟ್ಟಿ ಮಾಡಬೇಕು, ಕೊಯ್ಯಬೇಕು. 2018ರಲ್ಲಿ ಹಂದಿಯ ಮಿದುಳನ್ನು ಸಂಧಿಗಳು ಕೆಡದ ಹಾಗೆ ಕಾಪಿಟ್ಟದ್ದಕ್ಕೆ ಬಹುಮಾನ ಸಿಕ್ಕಿತು. ಆ ವಿಧಾನದಲ್ಲಿ ರಾಸಾಯನಿಕವನ್ನು ರಕ್ತನಾಳಗಳ ಮೂಲಕವೇ ಹಾಯಿಸುತ್ತಾರೆ, ಹಾಯಿಸಿದ ಮೇಲೆ ಪ್ರಾಣಿ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಕಥೆಯಲ್ಲಿ ಅಜ್ಜ ಸಾಯಲೇಬೇಕು, ಅದೂ ಮಿದುಳು ಕೊಡಲೆಂದೇ. ಆಮೇಲೆ ಚಿತೆಗೆ ಹೋಗುವ ದೇಹದಲ್ಲಿ ಮಿದುಳು ಇರುವುದಿಲ್ಲ. ಹೊರಗಿನ ಓದುಗ ಇದನ್ನು ಗಮನಿಸದೆ ದಾಟಿಯಾನು. ನಿಮ್ಮ ಊರಿನ ಓದುಗ ನಿಂತು ಕೇಳುತ್ತಾನೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಎಲ್ಲ ಆಯಿತು ಅಂತಲೇ ಇಟ್ಟುಕೊಳ್ಳೋಣ. ಪೆಟ್ಟಿಗೆಯಲ್ಲಿ ಇರುವವರು ಅಜ್ಜನೇ?

ಈ ಮಾತಿಗೆ ತತ್ವಶಾಸ್ತ್ರದವರ ಹತ್ತಿರ ಹೋಗುವ ಮೊದಲು ನಿಮ್ಮ ತೋಟಕ್ಕೆ ಹೋಗಿ. ರೊಬಸ್ಟಾದಲ್ಲಿ ಒಳ್ಳೆ ಕಾಯಿ ಕಟ್ಟುವ ಗಿಡ ಗುರುತಿಸಿ, ಕಡ್ಡಿ ಕತ್ತರಿಸಿ ಬೇರು ಬರಿಸಿ ಕ್ಲೋನ್ ಗಿಡ ಮಾಡುತ್ತಾರಲ್ಲ. ಬೀಜದಿಂದ ಮಾಡಿದರೆ ಅಕ್ಕಪಕ್ಕದ ಗಿಡದ ಪರಾಗ ಸೇರಿ ಗುಣ ಬದಲಾಗುತ್ತದೆ, ಕಡ್ಡಿಯಿಂದ ಮಾಡಿದರೆ ತಾಯಿಗಿಡದ ಗುಣವೇ. ಆದರೆ ತಾಯಿಗಿಡ ಬೇರುರೋಗ ಬಂದು ಒಣಗಿದ ದಿನ, ಆ ಬದಿಯ ಪಾತಿಯಲ್ಲಿರುವ ಕ್ಲೋನ್ ಗಿಡ ಹೂ ಬಿಟ್ಟುಕೊಂಡು ಹಾಯಾಗಿರುತ್ತದೆ. ‘ಗಿಡ ಉಳಿಯಿತು’ ಅಂತ ಪ್ಲಾಂಟರ್ ಹೇಳಬಹುದು. ಒಣಗಿದ ಗಿಡಕ್ಕೆ ಅದರಿಂದ ಏನೂ ಆಗಲಿಲ್ಲ. ಅಜ್ಜನ ಸಾವೂ ಪೂರ್ತಿ ಸಾವೇ. ಪೆಟ್ಟಿಗೆಯಲ್ಲಿ ಎದ್ದವರು ಇನ್ನೊಬ್ಬರು, ಅಜ್ಜನ ನೆನಪು ಹೊತ್ತವರು, ತಾನೇ ಅಜ್ಜ ಎಂದು ಪ್ರಾಮಾಣಿಕವಾಗಿ ನಂಬಿದವರು.

ಇದಕ್ಕೆ ಎದುರು ವಾದವೊಂದಿದೆ. ಹ್ಯಾನ್ಸ್ ಮೊರಾವೆಕ್ ಎಂಬ ರೋಬಾಟ್ ವಿಜ್ಞಾನಿ 1988ರಲ್ಲಿ ಬರೆದದ್ದು: ಮಿದುಳನ್ನು ಒಂದೇ ಸಲ ನಕಲು ಮಾಡದೆ, ಮನುಷ್ಯ ಎಚ್ಚರವಾಗಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಯಂತ್ರಕ್ಕೆ ಬದಲಾಯಿಸುತ್ತ ಹೋದರೆ, ಕೊನೆಗೆ ಉಳಿಯುವವನು ಅವನೇ ಅಲ್ಲವೇ? ನಿಮ್ಮ ಐನ್‌ಮನೆಗೆ ಹುಲ್ಲಿನ ಮಾಡು ಹೋಗಿ ಹೆಂಚು ಬಂದಿರಬಹುದು, ಗೆದ್ದಲು ತಿಂದ ಕಂಬ ಬದಲಾಗಿರಬಹುದು. ಆದರೂ ಅದು ಅದೇ ಐನ್‌ಮನೆ, ಯಾಕೆಂದರೆ ಬದಲಾಯಿಸುವ ಪ್ರತಿ ದಿನವೂ ಒಳಗೆ ನೆಲ್ಲಕ್ಕಿ ದೀಪ ಹಚ್ಚುತ್ತಿದ್ದರು. ಎದುರು ಗುಡ್ಡದಲ್ಲಿ ಅಳತೆ ತೆಗೆದು ತದ್ರೂಪು ಕಟ್ಟಿದರೆ ಅದು ಹೋಮ್‌ಸ್ಟೇ. ಮೊರಾವೆಕ್ ವಾದ ನನಗೆ ಗಟ್ಟಿ ಅನ್ನಿಸುತ್ತದೆ. ಅದನ್ನು ಕೈಯಲ್ಲಿ ಮಾಡುವ ದಾರಿ ಮಾತ್ರ ಯಾರ ಹತ್ತಿರವೂ ಇಲ್ಲ. ನೀವು ಬರೆದಿರುವುದು ಅದಲ್ಲ, ತದ್ರೂಪಿನ ಕಥೆ. ಆದ್ದರಿಂದ ಅದರ ಪಾಡು ನೋಡಬೇಕು.

ಪಾಡು ಅಂದೆ. ಎದ್ದವರಿಗೆ ಮುಂದೆ ಎರಡೇ ದಾರಿ, ಎರಡೂ ಕಷ್ಟದವು. ಒಂದು, ಇಳಿಸಿದ ದಿನ ಹೇಗಿದ್ದರೋ ಹಾಗೇ ಬೀಗ ಹಾಕಿಡುವುದು. ಆಗ ಅವರು ಎಚ್.ಎಂ. ಆಗುತ್ತಾರೆ. ಪ್ರತಿ ಬೆಳಗ್ಗೆ ‘ಕಾಫಿ ಹೂ ಆಯಿತಾ, ಮಳೆ ಕೊಟ್ಟಿತಾ’ ಎಂದು ಅದೇ ವರ್ಷದ ಮಳೆ ಕೇಳುತ್ತಾರೆ. ಮೊಮ್ಮಗಳ ಮದುವೆಯಾದದ್ದು ದಿನಾ ಹೇಳಬೇಕು, ದಿನಾ ಹೊಸದಾಗಿ ಖುಷಿಪಡುತ್ತಾರೆ. ಇನ್ನೊಂದು, ಹೊಸ ನೆನಪು ಕೂರಲು ಬಿಡುವುದು. ಆಗ ಅವರು ಬೆಳೆಯುತ್ತಾರೆ, ಬದಲಾಗುತ್ತಾರೆ, ಇಪ್ಪತ್ತು ವರ್ಷದಲ್ಲಿ ಅಜ್ಜ ಎಂದೂ ಒಪ್ಪದಿದ್ದ ಮಾತು ಆಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಲ್ಲಿದ್ದ ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರಲ್ಲ. ಪುಸ್ತಕದ ಹಾಡು ಅಂದಿನಂತೆಯೇ ಇದೆ. ದುಡಿ ಹಿಡಿದು ಹಾಡುವವರ ಬಾಯಲ್ಲಿ ಅದು ಎದುರಿಗಿರುವ ಮನೆಗೆ, ಮದುಮಗಳಿಗೆ ತಕ್ಕಂತೆ ತಿರುಗುತ್ತದೆ. ಒಂದೇ ಪೆಟ್ಟಿಗೆಯಿಂದ ಎರಡನ್ನೂ ಕೇಳಿದರೆ ಸಿಗುವುದಿಲ್ಲ.

ನಿಮ್ಮ ಕೊನೆಯ ಪುಟದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 1984ರಲ್ಲಿ ಬಂದ ವಿಲಿಯಂ ಗಿಬ್ಸನ್ ಅವರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯಲ್ಲಿ ಸತ್ತುಹೋದ ಒಬ್ಬ ಹ್ಯಾಕರ್‌ನ ಮನಸ್ಸು ಹೀಗೇ ಬೀಗ ಹಾಕಿದ ಸ್ಥಿತಿಯಲ್ಲಿದೆ. ಸಂಪರ್ಕ ತೆಗೆದು ಮತ್ತೆ ಕೊಟ್ಟರೆ ಹಿಂದಿನ ಮಾತು ಅವನಿಗೆ ನೆನಪಿರುವುದಿಲ್ಲ. ಕೆಲಸ ಮುಗಿದ ಮೇಲೆ ನನ್ನನ್ನು ಅಳಿಸಿಬಿಡಿ ಎಂದು ಅವನೂ ಕೇಳುತ್ತಾನೆ. ಈ ಬೇಡಿಕೆಗೆ ನಲವತ್ತು ವರ್ಷ ದಾಟಿತು. ನೀವು ಅದನ್ನು ಓದಿರಲಿಲ್ಲ ಅಂತ ಕಾಣುತ್ತದೆ, ಆದರೆ ಈ ಬಗೆಯ ಕಥೆ ಓದುವವರು ಓದಿರುತ್ತಾರೆ. ಸಾವಿಲ್ಲದವನು ಸಾವು ಬೇಡುವುದು ಬರೆಯಲು ಸುಲಭ, ಏಕೆಂದರೆ ಸ್ವಿಚ್ ಆರಿಸುವವಳ ಕೈ ತೊಳೆದುಕೊಟ್ಟ ಹಾಗಾಗುತ್ತದೆ. ಅಜ್ಜ ಆರಿಸು ಅನ್ನದೇ ಇದ್ದರೆ? ಇರಬೇಕು, ಇನ್ನೂ ಪುತ್ತರಿ ಹಬ್ಬ ನೋಡಬೇಕು ಅಂದರೆ?

ಆಗ ಗುಹೆಯ ಮಾತು ಬರುತ್ತದೆ. ಕಾಯುವವರು ಯಾರು?

1967ರ ಜನವರಿಯಲ್ಲಿ ತೀರಿಕೊಂಡ ಜೇಮ್ಸ್ ಬೆಡ್‌ಫರ್ಡ್ ಎಂಬ ಅಮೆರಿಕದ ಪ್ರಾಧ್ಯಾಪಕರ ದೇಹವನ್ನು ಮುಂದೊಂದು ದಿನ ಎಬ್ಬಿಸುವ ಆಸೆಯಿಂದ ಶೈತ್ಯದಲ್ಲಿಟ್ಟರು. ಅದು ಇಂದಿಗೂ ದ್ರವ ಸಾರಜನಕದಲ್ಲಿದೆ. ಎಷ್ಟೋ ವರ್ಷ ಅವರ ಮನೆಯವರೇ ಖರ್ಚು ಹೊತ್ತು ಜಾಗದಿಂದ ಜಾಗಕ್ಕೆ ಸಾಗಿಸಿ ಉಳಿಸಿಕೊಂಡರು. ಅಮೆರಿಕದ್ದೇ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿಟ್ಟ ಒಂಬತ್ತು ದೇಹಗಳು, ದುಡ್ಡು ಕಟ್ಟುವವರು ಹಿಂದೆ ಸರಿದಂತೆ, 1970ರ ದಶಕದಲ್ಲಿ ಕರಗಿ ಕೊಳೆತುಹೋದವು. ತಂತ್ರಜ್ಞಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಬಾಗಿಲಲ್ಲಿ ಕೂತವರು.

ಕಾಯುವುದು ಎಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕೆ? ನನ್ನ ಅಪ್ಪನ ಧ್ವನಿ ಇದ್ದ ಒಂದು ಕ್ಯಾಸೆಟ್ ಇತ್ತು, ಮದುವೆಮನೆಯೊಂದರಲ್ಲಿ ಯಾರೋ ಹಿಡಿದದ್ದು. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದಾಗ ಟೇಪಿನ ಅಂಚಿನುದ್ದಕ್ಕೂ ಬೆಳ್ಳಗೆ ಬೂಷ್ಟು, ಸಕ್ಕರೆ ಉದುರಿಸಿದ ಹಾಗೆ. ಹತ್ತಿಯಲ್ಲಿ ಒರೆಸಿ ಹಾಕಿದರೆ ಅಪ್ಪ ನೀರಿನೊಳಗಿಂದ ಮಾತಾಡಿದಂತೆ ಕೇಳಿಸಿದರು, ಆಮೇಲೆ ಟೇಪು ಸಿಕ್ಕಿಹಾಕಿಕೊಂಡಿತು. ಇದು ಅಟ್ಟದ ಕೆಳಗಿನ ಬೀರು. ಅಟ್ಟದಲ್ಲಿ ಹೊಗೆ, ಇಲಿ, ಮಳೆಗಾಲದ ಕಕ್ಕಡ ತಿಂಗಳ ತೇವ. ಕರೆಂಟು ಹೋದರೆ ಮರ ಬಿದ್ದ ಲೈನು ಸರಿಯಾಗುವವರೆಗೆ ಮೂರು ದಿನ, ನಾಲ್ಕು ದಿನ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳೇ ಜಾರಿದಾಗ ದಿನದ ಲೆಕ್ಕವೇ ತಪ್ಪಿತ್ತು. ಜೀವಂತ ಅಜ್ಜನ ಮಿದುಳು ಎರಡು ಎಲ್‌ಇಡಿ ಬಲ್ಬಿನಷ್ಟು, ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತಿತ್ತು, ಅದೂ ಅಕ್ಕಿ ರೊಟ್ಟಿಯ ಶಕ್ತಿಯಿಂದ. ಪೆಟ್ಟಿಗೆಯ ಅಜ್ಜನಿಗೆ ಎಷ್ಟು ಬೇಕೋ. 2013ರಲ್ಲಿ ಜಪಾನಿನ ‘ಕೆ’ ಸೂಪರ್ ಕಂಪ್ಯೂಟರಿನ 82,944 ಪ್ರೊಸೆಸರ್ ಹೂಡಿ, ಮಿದುಳಿನ ನೂರರಲ್ಲಿ ಒಂದು ಪಾಲಿನಷ್ಟು ದೊಡ್ಡ ನರಜಾಲದ ಒಂದು ಸೆಕೆಂಡ್ ಓಡಿಸಿದರು. 40 ನಿಮಿಷ ಹಿಡಿಯಿತು. ಆ ವೇಗದಲ್ಲಿ ಅಜ್ಜ ‘ಬಂದೆಯಾ’ ಅಂತ ಮಾತು ಮುಗಿಸುವಷ್ಟರಲ್ಲಿ ನೀವು ನೂಪುಟ್ಟು ಒತ್ತಿ ಮುಗಿಸಿರುತ್ತೀರಿ. ಯಂತ್ರಗಳು ಈಗ ವೇಗವಾಗಿವೆ, ನಿಜ. ಆದರೆ ವೇಗಕ್ಕೆ ಬೆಲೆ ಇದ್ದೇ ಇರುತ್ತದೆ. 1994ರ ‘ಪರ್ಮ್ಯುಟೇಶನ್ ಸಿಟಿ’ ಕಾದಂಬರಿಯಲ್ಲಿ ಗ್ರೆಗ್ ಈಗನ್ ಇದನ್ನು ಸರಿಯಾಗಿ ಹಿಡಿದಿದ್ದಾರೆ: ಅಲ್ಲಿ ದುಡ್ಡಿಲ್ಲದ ನಕಲು ಮನುಷ್ಯರು ನಿಧಾನವಾಗಿ ಓಡುತ್ತಾರೆ, ಹೊರಗಿನ ಲೋಕ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ. ಮೆಣಸಿಗೆ ರೇಟು ಬಿದ್ದ ವರ್ಷ ನಿಮ್ಮ ಅಜ್ಜನ ಮಾತು ಎಳೆಯತೊಡಗುತ್ತದೆ ಅಂತ ಬರೆದು ನೋಡಿ. ಆ ಒಂದು ಸಾಲಿಗೆ ನಾನು ನಿಮ್ಮ ಮೂರು ಪುಟ ಬಿಟ್ಟುಕೊಡುತ್ತೇನೆ.

ಇನ್ನೊಂದು ಕಡೆಯೂ ನೀವು ಕೈಯಲ್ಲಿದ್ದ ಮೀನು ಬಿಟ್ಟಿದ್ದೀರಿ. ಅಜ್ಜ ಪಟ್ಟೆದಾರರು. ಒಕ್ಕದ ಹಿರಿಯರಿಗೆ ಸಲ್ಲುವ ಸ್ಥಾನ ಅದು. ಹಿರಿಯರು ಸಾಯದಿದ್ದರೆ ಎಪ್ಪತ್ತು ದಾಟಿದ ಅವರ ತಮ್ಮ ಏನು ಮಾಡಬೇಕು? ನೆಲ್ಲಕ್ಕಿಯಲ್ಲಿ ಸ್ಪೀಕರಿನ ಎದುರು ಕೈಕಟ್ಟಿ ನಿಲ್ಲಬೇಕೆ? ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಕಾಗದಕ್ಕೆ ಸಹಿ ಯಾರದು? ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ ಬೇಕು. ಅಜ್ಜ ಸತ್ತಿಲ್ಲ ಎಂದು ಮನೆಯವರೇ ಪಟ್ಟು ಹಿಡಿದಿದ್ದಾರೆ. (ತೀರಿಹೋಗಿ ಎಷ್ಟೋ ವರ್ಷವಾದವರು ಪಹಣಿಯಲ್ಲಿ ಜೀವಂತ ಇರುವುದು ನಮಗೆ ಹೊಸದಲ್ಲ. ಸಾವಿಲ್ಲದ ಬದುಕನ್ನು ಕಂದಾಯ ಇಲಾಖೆ ಯಾವತ್ತೋ ಸಾಧಿಸಿದೆ.) ನಿಮ್ಮ ಕಥೆಗೆ ಖಳನಾಯಕ ಬೇಕಿಲ್ಲ. ಆ ಎಪ್ಪತ್ತು ದಾಟಿದ ತಮ್ಮ ಸಾಕು, ಕೆಟ್ಟವನಲ್ಲದೆಯೂ.

ಮೇಷ್ಟ್ರ ದೆವ್ವದ ಮಾತಿಗೆ ಒಮ್ಮೆ ಮರಳುತ್ತೇನೆ. ನಾನು ಕೊಡವನಲ್ಲ. ಗೆಳೆಯನೊಬ್ಬನ ಐನ್‌ಮನೆಯಲ್ಲಿ ಒಂದು ಸಲ, ಒಕ್ಕದ ಮೂಲ ಹಿರಿಯ ಮೈಮೇಲೆ ಬರುವ ಕಾರೋಣ ತೆರೆ ನೋಡಿದ್ದೇನೆ, ಅಷ್ಟೇ. ರಾತ್ರಿ, ದೊಂದಿ ಬೆಳಕು, ಮುಖಕ್ಕೆ ಬಣ್ಣ. ತೆರೆ ಕಟ್ಟಿದವರ ಮೈಮೇಲೆ ಕಾರೋಣ ಬಂದು ಮನೆಯವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿತು, ಗದರಿಸಿತು. ಗೆಳೆಯನ ಅಕ್ಕ ಮುಂದೆ ಹೋಗಿ ನಿಂತವರು ಬಾಯಿ ತೆರೆಯಲಾಗದೆ ಅತ್ತರು. ಬೆಳಗಾಯಿತು. ಬಣ್ಣ ತೊಳೆದುಕೊಂಡ ಅದೇ ಮನುಷ್ಯ ಕಯ್ಯಾಲೆಯ (ಜಗಲಿಯ) ಐಮರದ ಹಲಗೆ ಮೇಲೆ ಕೂತು ಕಾಫಿ ಕುಡಿಯುತ್ತ ನನ್ನ ಗೆಳೆಯನನ್ನು ಕೇಳಿದ್ದು, ಮೆಣಸು ಈಗ ಕೊಡುವುದೋ ಇನ್ನೂ ಇಡುವುದೋ ಅಂತ. ಯಾರಿಗೂ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಹಿರಿಯರು ಬಂದಿದ್ದರು, ಹೋದರು. ಬಂದಾಗ ಪೂರ್ತಿ ಬಂದಿದ್ದರು, ಹೋದಾಗ ಪೂರ್ತಿ ಹೋದರು. ನಿಮ್ಮ 2070ರ ಒಕ್ಕ ಪೆಟ್ಟಿಗೆಯನ್ನು ಯಾವ ರೀತಿ ನೋಡುತ್ತದೆ ಎನ್ನುವುದಕ್ಕೆ ಈ ಅನುಭವದ ಬಲ ಇರಬೇಕಲ್ಲವೇ? ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆ ಹಚ್ಚುವ ಮನೆ ಇರಬಹುದು. ದಿನವಿಡೀ ಹಚ್ಚಿಟ್ಟ ಮನೆಯನ್ನು ಊರವರು ಬೇರೆ ಕಣ್ಣಲ್ಲಿ ನೋಡಬಹುದು. ಹಾಗೆ ನೋಡದಿದ್ದರೆ ಕಥೆ ಕ್ಯಾಲಿಫೋರ್ನಿಯಾದ್ದಾಗುತ್ತದೆ, ಐನ್‌ಮನೆ ಬರೀ ಸೆಟ್ ಆಗುತ್ತದೆ.

ಧ್ವನಿ ಸಂದೇಶಗಳ ಬಗ್ಗೆ. 2016ರಲ್ಲಿ ಯುಜೀನಿಯಾ ಕುಯ್ಡಾ ಎಂಬ ತಂತ್ರಜ್ಞೆ ಅಪಘಾತದಲ್ಲಿ ತೀರಿಕೊಂಡ ಗೆಳೆಯನ ಸಾವಿರಾರು ಸಂದೇಶಗಳನ್ನು ಹಾಕಿ, ಅವನ ಧಾಟಿಯಲ್ಲಿ ಉತ್ತರಿಸುವ ಚಾಟ್‌ಬಾಟ್ ಮಾಡಿದ್ದರು. ಈಗ ಅಷ್ಟೂ ಬೇಕಿಲ್ಲ, ಕೆಲವೇ ನಿಮಿಷದ ಧ್ವನಿಯಿಂದ ದನಿ ನಕಲು ಮಾಡುವ ತಂತ್ರಾಂಶಗಳಿವೆ. ನಿಮ್ಮ ತಮ್ಮ ಒಂದು ಭಾನುವಾರದಲ್ಲಿ ಮಾಡಿಕೊಟ್ಟಾನು. ಅದು ಮೇಲೆ ಹೇಳಿದ ನಕಲೂ ಅಲ್ಲ. ಅದರಲ್ಲಿ ಅಜ್ಜನ ಮಿದುಳಿನ ಒಂದು ಸಂಧಿಯೂ ಇರುವುದಿಲ್ಲ. ಅಜ್ಜ ಆಡಿದ ಮಾತಿನ ಮೇಲ್ಮೈ ಮಾತ್ರ. ‘ಇವತ್ತು 2 ಇಂಚು 40 ಸೆಂಟು’ ಅಂತ ಅದು ಹೇಳೀತು, ಆದರೆ ಆ ಮಳೆ ಬಿದ್ದಿರುವುದಿಲ್ಲ. ಅಜ್ಜನ ಲೆಕ್ಕಕ್ಕೆ ಬೆಲೆ ಇದ್ದದ್ದು ಅವರು ಕೊಡೆ ಹಿಡಿದು ಹೋಗಿ ಅಳತೆ ನೋಡಿ ಬಂದು ಹೇಳುತ್ತಿದ್ದರು ಎಂಬುದಕ್ಕೆ. ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ದುಃಖದ ದಾರಿ ಒಬ್ಬೊಬ್ಬರದು ಒಂದೊಂದು. ಮಾಡುವ ಮುಂಚೆ ಅಜ್ಜಿಯನ್ನು ಕೇಳಿ. ಆ ಸಂದೇಶಗಳನ್ನು ಫೋನೊಂದರಲ್ಲೇ ಇಡಬೇಡಿ: ಇಂದೇ ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ, ಒಂದು ಮನೆಯಿಂದ ಹೊರಗಿರಲಿ, ಜೊತೆಗೆ ತಾರೀಖು ಹಾಕಿ ಮಳೆ ಲೆಕ್ಕವನ್ನು ನೋಟ್‌ಪುಸ್ತಕಕ್ಕೆ ಇಳಿಸಿ. ಇಲ್ಲಿ ‘ಇಳಿಸು’ ಸರಿಯಾದ ಮಾತು. ನೀವು ನಿಮ್ಮ ಬಗ್ಗೆ ಯೋಚಿಸುವುದಾದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನಾವು ಸತ್ತ ಮೇಲೆ ನಮ್ಮ ಮಾಹಿತಿಯ ಹಕ್ಕು ಚಲಾಯಿಸುವವರನ್ನು ಮೊದಲೇ ಹೆಸರಿಸುವ ಅವಕಾಶವಿದೆ. ಅಜ್ಜನ ಕಾಲಕ್ಕೆ ಯಾರೂ ಕೇಳಿರಲಿಲ್ಲ.

ಕೊನೆಗೆ ನಿಮ್ಮ ಎರಡು ಗುಂಡು. ಕೊಡಗಿನ ಹೊರಗಿನವರಿಗಾಗಿ: ಇಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕಿವಿಗೆ ಬಿದ್ದವರು ಕೈಲಿದ್ದ ಕೆಲಸ ಬಿಟ್ಟು ಆ ಮನೆ ಕಡೆ ಹೊರಡುತ್ತಾರೆ. ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ನಿಮ್ಮ ಹತ್ತಿರ ಇಲ್ಲ, ಅದನ್ನು ಕೊನೆಯ ಪುಟದವರೆಗೆ ಬಚ್ಚಿಟ್ಟು ಹಾಳು ಮಾಡಿದ್ದೀರಿ. ಮೊದಲ ಪುಟದಲ್ಲೇ ಹಾರಿಸಿ. ಸತ್ತವರು ಸತ್ತಿದ್ದಾರೆ, ಆ ಗೌರವ ಅವರಿಗೆ ಸಲ್ಲಲಿ. ಆದರೆ ಹಾರಿಸುವ ಹೊತ್ತಿಗೆ ಅಟ್ಟದ ಪೆಟ್ಟಿಗೆ ಆಗಲೇ ಎದ್ದಿರಲಿ, ನೆಲ್ಲಕ್ಕಿಯ ಮೈಕು ತೆರೆದಿರಲಿ. ಅಂಗಳದಲ್ಲಿ ಎರಡು ಗುಂಡು. ಜನ ಗದ್ದೆ ದಾಟಿ ಬರುತ್ತಿದ್ದಾರೆ. ಮೊಮ್ಮಗಳು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಬಂದಿದ್ದಾಳೆ. ಸ್ಪೀಕರಿನಲ್ಲಿ ಅಜ್ಜನ ದನಿ, ಗಾಬರಿಯಿಲ್ಲದೆ, ಯಾವ ಮನೆ ಕಡೆಗೆ ಹೊರಡಬೇಕು ಎಂದು ತಿಳಿದುಕೊಳ್ಳುವ ಹಿರಿಯರ ದನಿ: ‘ಗುಂಡು ಕೇಳಿಸಿತಲ್ಲ, ಯಾರು ಹೋದದ್ದು ಕೂಸೇ?’

ಅವಳು ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿಲ್ಲ. ಬರೆದು ಕಳಿಸಿ.